ಕ್ಯಾಂಟೀನಿನಲ್ಲಿ ಕೂತಿದ್ದ ಚುಕ್ಕೆ

ಇಂಜಿನಿಯರ್ ಹುಡುಗಿ ಗಾಡಿಯಕ್ಕನನ್ನು ಮೊದಲ ಸಲ ಕಂಡದ್ದು ಆಸ್ಪತ್ರೆಯ ನೆಲಮಾಳಿಗೆಯ ಕಾರಿಡಾರಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಏಳೂಕಾಲಿಗೆ. ದಿನ, ಹೊತ್ತು, ಯಾರು ಯಾರ ಹಿಂದೆ ನಿಂತಿದ್ದರು ಎಂಬುದೆಲ್ಲ ಅವಳ ನೋಟ್‌ಬುಕ್ಕಿನಲ್ಲಿದೆ. ಎಲ್ಲವನ್ನೂ ಬರೆದಿಟ್ಟುಕೊಳ್ಳುವುದು ಅವಳ ಅಭ್ಯಾಸ. ಅವತ್ತು ಒಂದನ್ನು ಮಾತ್ರ ಬರೆಯದೆ ಬಿಟ್ಟಳು.

ನೆಲಕ್ಕೆ ಹಳದಿ ಟೇಪು ಅಂಟಿಸಿ ಇಪ್ಪತ್ತು ಮೀಟರ್ ಉದ್ದಕ್ಕೆ ಚೌಕಗಳ ಸಾಲು ಮಾಡಿದ್ದಳು. ಗೋಡೆ ಬದಿಗೆ ಕಬ್ಬಿಣದ ಮೇಜು. ಅದರ ಮೇಲೆ ಲ್ಯಾಪ್‌ಟಾಪ್, ಗಾರೆಯವರು ಬಳಸುವ ರಸಮಟ್ಟ, ಒಂದು ತಟ್ಟೆಯಲ್ಲಿ ಬೆಂಕಿಪೊಟ್ಟಣದ ಗಾತ್ರದ ನಲವತ್ತು ಪೆಟ್ಟಿಗೆಗಳು. ಒಂದೊಂದಕ್ಕೂ ಕಾಲಿಗೆ ಸುತ್ತುವ ಪಟ್ಟಿ. ಈ ಪೆಟ್ಟಿಗೆಗಳು ಕಾಲಿನ ಅಲುಗಾಟ, ತಿರುವು ಎಲ್ಲವನ್ನೂ ಹಿಡಿದು, ಕಟ್ಟಿಕೊಂಡವರು ಆಸ್ಪತ್ರೆಯೊಳಗೆ ಎಲ್ಲಿದ್ದಾರೆಂದು ಲೆಕ್ಕ ಹಾಕಿ, ಆಡಳಿತಾಧಿಕಾರಿಯ ಕೋಣೆಯ ಪರದೆಯ ಮೇಲೆ ಒಂದು ಹಸಿರು ಚುಕ್ಕೆಯಾಗಿ ತೋರಿಸುತ್ತವೆ. ಅದಕ್ಕೆ ಮೊದಲು ಪ್ರತಿಯೊಂದನ್ನೂ ಹದಕ್ಕೆ ತರಬೇಕು. ಮಟ್ಟವಾದ ಮೇಜಿನ ಮೇಲೆ ಎರಡು ನಿಮಿಷ ಅಲುಗದೆ ಇಡಬೇಕು. ಆಮೇಲೆ ಕಾಲಿಗೆ ಕಟ್ಟಿ, ಹತ್ತು ಸೆಕೆಂಡು ನಿಲ್ಲಿಸಿ, ಇಪ್ಪತ್ತು ಮೀಟರ್ ನಡೆಸಿ, ಹೆಜ್ಜೆಯ ಅಳತೆ ಹಿಡಿಯಬೇಕು.

ಸಾಲಿನಲ್ಲಿ ಆಯಾಗಳು, ಕಸ ಗುಡಿಸುವವರು, ಸ್ಟ್ರೆಚರ್ ತಳ್ಳುವವರು ಇದ್ದರು. ಹನ್ನೊಂದನೆಯವಳು ಸ್ಟ್ರೆಚರ್ ತಳ್ಳುವ ಗಾಡಿಯಕ್ಕ. ಐವತ್ತರ ಆಸುಪಾಸು, ಕುಳ್ಳು ಆಳು, ಮೊಣಕೈವರೆಗೆ ಮಡಿಸಿದ ನೀಲಿ ತೋಳು, ಎರಡೂ ಅಂಗೈಯಲ್ಲಿ ಹಿಡಿಕೆ ಒತ್ತಿ ಒತ್ತಿ ಗಟ್ಟಿಯಾದ ಚರ್ಮ. ಪಟ್ಟಿ ಕಟ್ಟಲು ಇಂಜಿನಿಯರ್ ಅವಳ ಪಾದ ಎತ್ತಿದಾಗ ಶೂವಿನ ಅಡಿ ಕಾಣಿಸಿತು. ಎಲ್ಲರದ್ದೂ ಹಿಮ್ಮಡಿಯಲ್ಲಿ ಸವೆದಿದ್ದರೆ ಇವಳದ್ದು ಇಸ್ತ್ರಿಪೆಟ್ಟಿಗೆಯ ತಳದಂತೆ ಎಲ್ಲ ಕಡೆ ಒಂದೇ ಸಮ ಸವೆದಿತ್ತು. ಇಂಜಿನಿಯರ್ ನೋಡಿದಳು. ಬರೆದುಕೊಳ್ಳಲಿಲ್ಲ.

"ಏನಮ್ಮ ಇದು, ಕುಂಟೆಬಿಲ್ಲೆನಾ?" ಗಾಡಿಯಕ್ಕ ಚೌಕಗಳನ್ನು ನೋಡಿ ಕೇಳಿದಳು.

"ಅಲ್ಲ ಅಕ್ಕ. ನೀವೆಲ್ಲ ಎಲ್ಲಿದೀರ ಅಂತ ಆಫೀಸಿಗೆ ಗೊತ್ತಾಗೋಕೆ."

"ಯಾಕೆ, ನಾವು ಕಳೆದುಹೋಗಿದೀವಿ ಅಂತ ಯಾರಾದ್ರೂ ದೂರು ಕೊಟ್ಟಿದಾರಾ?"

ಸಾಲಿಗೆ ಸಾಲೇ ನಕ್ಕಿತು. ಇಂಜಿನಿಯರ್ ಮುಖ ಕೆಂಪಾಯಿತು. "ಹತ್ತು ಸೆಕೆಂಡು ಅಲ್ಲಾಡದೆ ನಿಂತ್ಕೊಳಿ ಅಕ್ಕ."

"ಹತ್ತೊಂಬತ್ತು ವರ್ಷ ಆಯ್ತು ಇಲ್ಲಿ ಸೇರಿ. ಸುಮ್ನೆ ನಿಂತ್ಕೊ ಅಂದೋಳು ನೀನೇ ಮೊದಲು. ನಿನ್ನ ಹೊಟ್ಟೆ ತಣ್ಣಗಿರಲಿ."

ನಡೆ ಎಂದಾಗ ಗಾಡಿಯಕ್ಕ ಬೇಕೆಂದೇ ಧಬಧಬ ನಡೆದಳು. ಐವತ್ತೆಂಟು ಸೆಂಟಿಮೀಟರ್ ಎಂದಿತು ಲ್ಯಾಪ್‌ಟಾಪ್. ಹೊರಡುವಾಗ ತಿರುಗಿ ನಿಂತಳು. ಈಗ ನಗು ಇರಲಿಲ್ಲ.

"ಅಲ್ಲಮ್ಮ, ಬರಿಗೈಲಿ ನಡೆಸಿ ಅಳತೆ ತಗೊಂಡ್ಯಲ್ಲ, ನಾನು ಇಲ್ಲಿ ಬರಿಗೈಲಿ ಯಾವತ್ತು ನಡೀತೀನಿ?"

"ಎಲ್ರಿಗೂ ಒಂದೇ ನಿಯಮ ಅಕ್ಕ."

"ಆಯ್ತು ಕಣೆ, ಕುಂಟೆಬಿಲ್ಲೆ."

ಆ ಹೆಸರು ಅವತ್ತೇ ಅಂಟಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಲಿಫ್ಟಿನವನೂ ಅವಳನ್ನು ಕುಂಟೆಬಿಲ್ಲೆ ಎಂದೇ ಕರೆಯುತ್ತಿದ್ದ.

ಗಾಡಿಯಕ್ಕ ಈ ಕೆಲಸಕ್ಕೆ ಬಂದ ಬಗೆಯನ್ನು ಆಸ್ಪತ್ರೆಯ ಹಳಬರೆಲ್ಲ ಬಲ್ಲರು. ಅವಳ ಗಂಡ ಗಾರೆ ಕೆಲಸದವನು. ಮೂರನೇ ಅಂತಸ್ತಿನ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಇದೇ ಆಸ್ಪತ್ರೆಗೆ ಬಂದ. ಅವನನ್ನು ತಳ್ಳಿಕೊಂಡು ಹೋದವನಿಗೆ ಊಟದ ಹೊತ್ತು ಮೀರಿತ್ತು, ಓಡಿಸಿದ. ಕಟ್ಟಡದ ಎರಡು ಭಾಗ ಸೇರುವಲ್ಲಿ ನೆಲಕ್ಕೆ ಅಡ್ಡಲಾಗಿ ಲೋಹದ ಪಟ್ಟಿಗಳಿವೆ. ಒಂದೊಂದು ಪಟ್ಟಿ ದಾಟಿದಾಗಲೂ ಗಂಡ ಕೂಗಿದ. ಐದನೆಯ ಪಟ್ಟಿಯ ಹತ್ತಿರ ಅವಳು ಆ ಮನುಷ್ಯನನ್ನು ಭುಜದಿಂದ ತಳ್ಳಿ ತಾನೇ ಹಿಡಿಕೆ ಹಿಡಿದಳು. ಆರನೆಯ ಪಟ್ಟಿಗೆ ಗಂಡ ಕೂಗಲಿಲ್ಲ. ಹನ್ನೊಂದು ದಿನ ಬದುಕಿದ್ದ. ಹನ್ನೊಂದೂ ದಿನ, ಎಲ್ಲಿಗೆ ಒಯ್ಯುವುದಿದ್ದರೂ ಅವಳೇ ಒಯ್ದಳು.

ಅವನು ಹೋದ ಮೇಲೆ ಅವಳು ಕೆಲಸ ಕೇಳಿಕೊಂಡು ಬಂದಳು. ಹೆಂಗಸರಿಗೆ ಸ್ಟ್ರೆಚರ್ ಕೊಡುವುದಿಲ್ಲ ಎಂದರು. ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಲ್ಕು ದಿನ ಮೆಟ್ಟಿಲ ಮೇಲೆ ಕೂತಳು. ಆಗ ವಾರ್ಡಿನಲ್ಲಿದ್ದ, ಈಗ ದೊಡ್ಡ ಸಿಸ್ಟರ್ ಆಗಿರುವ ನರ್ಸು ಆಫೀಸಿನವರಿಗೆ, "ಅವಳು ಎದ್ದು ಹೋಗಲ್ಲ, ನೀವು ಮೆಟ್ಟಿಲು ಕಿತ್ತು ಹಾಕಬೇಕಾಗುತ್ತೆ, ನೋಡಿ" ಎಂದಳಂತೆ.

ಅಂದಿನಿಂದ ಬೆನ್ನು, ಕುತ್ತಿಗೆ, ಸೊಂಟ ಮುರಿದವರೆಲ್ಲ ಅವಳ ಪಾಲು. ಹೊಸದಾಗಿ ಸೇರಿದವರಿಗೆ ಅವಳೇ ಪಾಠ ಹೇಳುತ್ತಿದ್ದಳು. ಖಾಲಿ ಸ್ಟ್ರೆಚರಿನ ಮೇಲೆ ಅಂಚಿನವರೆಗೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟು, "ತಳ್ಳು" ಅನ್ನುವಳು. ಚೆಲ್ಲಿದರೆ, "ನಿನ್ನಪ್ಪ ಮಲಗಿದಾನೆ ಅನ್ಕೊಂಡು ತಳ್ಳೋ!" ಎಂದು ಇಡೀ ಮಹಡಿಗೆ ಕೇಳುವಂತೆ ಬೈಯುವಳು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇತ್ತು. ಡಾಕ್ಟರುಗಳೂ ಅವಳ ಬಾಯಿಗೆ ಸಿಕ್ಕದಂತೆ ಗೋಡೆ ಬದಿಗೆ ಸರಿದು ನಡೆಯುತ್ತಿದ್ದರು.

ಕಾಲಿಗೆ ಪಟ್ಟಿ ಕಟ್ಟಿ ಐದು ವಾರವಾಗಿತ್ತು. ಒಬ್ಬೊಬ್ಬರ ಚುಕ್ಕೆ ಎಲ್ಲೆಲ್ಲಿಗೆ ಹೋಯಿತೆಂದು ಆವರೆಗೆ ಯಾರೂ ತೆಗೆದು ನೋಡಿರಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಹೊರಗಿನಿಂದ ದೊಡ್ಡವರ ಗುಂಪೊಂದು ಚುಕ್ಕೆಗಳನ್ನು ನೋಡಲು ಬಂತು. ಹಳೆ ಕಟ್ಟಡದ ಎರಡೂ ಲಿಫ್ಟುಗಳನ್ನು ಅವರಿಗಾಗಿ ತಡೆದು ನಿಲ್ಲಿಸುವಂತೆ ಆಡಳಿತಾಧಿಕಾರಿ ಹೇಳಿದ್ದರು. ಇಂಜಿನಿಯರ್ ಆ ಲಿಫ್ಟಿನಲ್ಲೇ ಅವರ ಜೊತೆ ಮೇಲೆ ಹೋದಳು, ಪರದೆಯ ಮುಂದೆ ನಿಂತು ಮುಕ್ಕಾಲು ಗಂಟೆ ವಿವರಿಸಿದಳು, ಚಪ್ಪಾಳೆಯನ್ನೂ ತೆಗೆದುಕೊಂಡಳು.

ಅದೇ ಹೊತ್ತಿಗೆ ಕೆಳಗೆ, ಕುತ್ತಿಗೆ ಮುರಿದ ಲಾರಿ ಚಾಲಕನೊಬ್ಬನನ್ನು ತುರ್ತು ವಿಭಾಗದಿಂದ ಮೇಲಿನ ಸ್ಕ್ಯಾನಿಂಗ್ ಕೋಣೆಗೆ ಒಯ್ಯಬೇಕಿತ್ತು. ಮೈಮೇಲೆ ಎಚ್ಚರವಿರಲಿಲ್ಲ. ಲಿಫ್ಟು ಸಿಗಲಿಲ್ಲ. ಗಾಡಿಯಕ್ಕ ಕಟ್ಟಡ ಸುತ್ತಿ ಹೋಗುವ ಇಳಿಜಾರು ದಾರಿ ಹಿಡಿದಳು. ಜೊತೆಗೆ ಬಂದ ನರ್ಸನ್ನು ಇಳಿಜಾರಿನ ಬಾಗಿಲಲ್ಲೇ ಯಾರೋ ವಾಪಸು ಕರೆದರು. ಅಲ್ಲಿಂದ ಮುಂದೆ ಅವಳೊಬ್ಬಳೇ, ರೋಗಿ, ಮತ್ತು ಆ ಏರು. ಲಿಫ್ಟಿನಲ್ಲಾದರೆ ಆರು ನಿಮಿಷದ ದಾರಿಗೆ ಇಪ್ಪತ್ತಾರು ನಿಮಿಷ ಹಿಡಿಯಿತು.

ಚಾಲಕನ ಅಣ್ಣ ಆಫೀಸಿಗೆ ನುಗ್ಗಿ ಮೇಜು ಗುದ್ದಿದ. ತಮ್ಮನ ಕೈಯಲ್ಲಿ ಸ್ಪರ್ಶವಿಲ್ಲ, ಅರ್ಧ ಗಂಟೆ ಎಲ್ಲಿ ಬಿಟ್ಟಿದ್ದಿರಿ, ಯಾರು ಹೊಣೆ? ಹೊಣೆ ಯಾರೆಂದು ಹೇಳಲು ಆಡಳಿತಾಧಿಕಾರಿಯ ಹತ್ತಿರ ಈಗ ಪರದೆ ಇತ್ತು. ದಾಖಲೆ ತೆಗೆದು ನೋಡಿದರು. ಗಾಡಿಯಕ್ಕನ ಹಸಿರು ಚುಕ್ಕೆ ಇಪ್ಪತ್ತೆರಡು ನಿಮಿಷ ಕ್ಯಾಂಟೀನಿನಲ್ಲಿ, ಮೂಲೆಯ ಬೆಂಚಿನ ಹತ್ತಿರ ಕೂತಿತ್ತು. ಪಕ್ಕದಲ್ಲಿ 'ಕುಳಿತಿದ್ದಾರೆ' ಎಂದು ಬರೆದೂ ಇತ್ತು.

"ರೋಗೀನ ದಾರೀಲಿ ಬಿಟ್ಟು ಚಹಾ ಕುಡೀತಿದ್ಯಾ?" ಎಂದು ಅವಳನ್ನು ಕೇಳಿದರು.

"ನನ್ನ ಗಂಡನಾಣೆ, ಹಿಡಿಕೆ ಬಿಟ್ಟಿಲ್ಲ ನಾನು."

"ಯಂತ್ರ ಸುಳ್ಳು ಹೇಳುತ್ತಾ?"

"ಹಾಗಾದ್ರೆ ನಾನು ಹೇಳ್ತೀನಾ?"

ಶುಕ್ರವಾರ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡ ಎಂದರು. ತಪ್ಪು ಸಾಬೀತಾದರೆ ಕೆಲಸ ಹೋಯಿತು. ಕೆಲಸಕ್ಕಿಂತ ಹೆಚ್ಚಾಗಿ, ಕುತ್ತಿಗೆ ಮುರಿದವನನ್ನು ನಡುದಾರಿಯಲ್ಲಿ ಬಿಟ್ಟು ಹೋದವಳು ಎಂಬ ಹೆಸರು ಉಳಿಯುತ್ತದೆ.

ಇಂಜಿನಿಯರಿಗೆ ದಾಖಲೆಗೆ ಸಹಿ ಹಾಕಿ ಕೊಡುವಂತೆ ಹೇಳಿದರು. ಹಾಕಲು ಅವಳ ಕೈ ಏಳಲಿಲ್ಲ. ಅಳತೆಯೆಲ್ಲ ಸರಿಯಿತ್ತು, ರಸಮಟ್ಟ ಸರಿಯಿತ್ತು, ಐವತ್ತೆಂಟು ಸೆಂಟಿಮೀಟರ್ ಸರಿಯಿತ್ತು. ಆದರೂ 'ಬರಿಗೈಲಿ ಯಾವತ್ತು ನಡೀತೀನಿ' ಎಂಬ ಮಾತು ಕಿವಿಯಲ್ಲಿ ಕೂತುಬಿಟ್ಟಿತ್ತು. ಗುರುವಾರ ಸಂಜೆ ವಿಳಾಸ ಕೇಳಿಕೊಂಡು ಗಾಡಿಯಕ್ಕನ ಮನೆಗೆ ಹೋದಳು.

ಎರಡೇ ಕೋಣೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿ ಹೊಲಿಗೆ ಯಂತ್ರ, ಅದರ ಮುಂದೆ ಮಗಳು. ಒಳಗಿನಿಂದ ಗಾಡಿಯಕ್ಕನ ದನಿ ಬಂತು: "ಯಾರೇ ಅದು?"

"ಆಸ್ಪತ್ರೆಯಿಂದಮ್ಮಾ. ಯಾರೋ ಇಂಜಿನಿಯರ್."

"ಕುಂಟೆಬಿಲ್ಲೇನಾ? ಬಾಗಿಲು ಹಾಕೆ!"

ಮಗಳು ಬಾಗಿಲು ಹಾಕಲಿಲ್ಲ. ಬಟ್ಟೆ ತುಂಡುಗಳನ್ನು ಸರಿಸಿ ಕುರ್ಚಿ ತೋರಿಸಿದಳು. "ಮೂರು ದಿನದಿಂದ ಹೀಗೇ. ಪಾತ್ರೆ, ಗೋಡೆ, ನಾನು, ಎಲ್ರಿಗೂ ಬೈತಾಳೆ. ಕೂತ್ಕೊಳಿ."

"ಕೂರಿಸಬೇಡ ಅವಳನ್ನ! ಕೂರಿಸಿದ್ರೆ ಚುಕ್ಕೆ ಇಟ್ಟು ಬರ್ಕೊಂಡ್ಹೋಗ್ತಾಳೆ!"

ಬೈಯುತ್ತಲೇ ಗಾಡಿಯಕ್ಕ ಒಳಗಿನಿಂದ ನೀರು ತಂದಳು. ಮನೆಗೆ ಬಂದವರಿಗೆ ನೀರು ಕೊಡದಿರುವಷ್ಟು ಕೋಪ ಅವಳಿಗೂ ಬಂದಿರಲಿಲ್ಲ. ಲೋಟದಲ್ಲಿ ಅಂಚಿನವರೆಗೆ ನೀರು. ಮೈಯೆಲ್ಲ ಕೆಂಡವಾಗಿದ್ದರೂ ಕೈ ಅಲುಗಲಿಲ್ಲ. ಇಂಜಿನಿಯರಿನ ಕಣ್ಣು ಲೋಟದಿಂದ ಕೆಳಗಿಳಿದು ಪಾದದ ಮೇಲೆ ನಿಂತಿತು. ಹಿಮ್ಮಡಿ ಏಳುತ್ತಿರಲಿಲ್ಲ. ಪಾದ ಎತ್ತಿ ಇಡುವ ಮಾತೇ ಇರಲಿಲ್ಲ. ಒಂದು ಪಾದ ನೆಲಕ್ಕೆ ಉಜ್ಜಿಕೊಂಡು ಮುಂದೆ ಹರಿಯುತ್ತಿತ್ತು, ಅದು ನಿಲ್ಲುವ ಮೊದಲೇ ಇನ್ನೊಂದು ಹರಿಯುತ್ತಿತ್ತು.

"ಮನೇಲೂ ಹೀಗೇ ನಡೀತಾಳೆ," ಮಗಳು ಅಂದಳು. "ನೆಲ ಒರೆಸೋ ಕೆಲಸ ಉಳೀತು ನಂಗೆ."

ಇಂಜಿನಿಯರಿಗೆ ತನ್ನ ತಾಯಿಯ ನೆನಪಾಯಿತು. ಅವರ ಹಳ್ಳಿಯಲ್ಲಿ ಕೆರೆಯಿಂದ ಮನೆಗೆ ಅರ್ಧ ಮೈಲಿ. ತಲೆಯ ಮೇಲೆ ಒಂದರ ಮೇಲೊಂದು ಕೊಡ, ಕತ್ತು ಕಂಬದ ಹಾಗೆ, ಕಾಲುಗಳು ಮಾತ್ರ ಹೀಗೇ ಹರಿದುಕೊಂಡು ಬರುತ್ತಿದ್ದವು. ಆ ನೀರು ಕುಡಿದು ಬೆಳೆದು, ಓದಿ, ಇಷ್ಟೆಲ್ಲ ಕಲಿತ ಮೇಲೂ ಇದನ್ನು ಮರೆತೆನಲ್ಲ ಎಂದು ಅವಳಿಗೆ ತನ್ನ ಮೇಲೇ ಉರಿಯಿತು.

ಅವಳು ಕಟ್ಟಿದ ಪೆಟ್ಟಿಗೆ ಬದುಕಿದ್ದುದೇ ಒಂದು ನಂಬಿಕೆಯ ಮೇಲೆ. ನಡೆಯುವಾಗ ಪ್ರತಿ ಹೆಜ್ಜೆಗೂ ಪಾದ ನೆಲದ ಮೇಲೆ ಒಂದು ಕ್ಷಣ ಪೂರ್ತಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಪೆಟ್ಟಿಗೆ ತನ್ನಲ್ಲಿ ಸೇರಿಕೊಂಡ ತಪ್ಪನ್ನು ಸೊನ್ನೆ ಮಾಡಿಕೊಂಡು ಮುಂದಿನ ಹೆಜ್ಜೆಗೆ ಹೊಸದಾಗಿ ಶುರು ಮಾಡುತ್ತದೆ. ಪಾದ ನಿಲ್ಲದೆ ಹರಿದರೆ ತಪ್ಪಿನ ಮೇಲೆ ತಪ್ಪು ಕೂಡುತ್ತ ಚುಕ್ಕೆ ದಾರಿ ಬಿಟ್ಟು ಗೋಡೆಗೆ ನುಗ್ಗುತ್ತದೆ. ಗೋಡೆಯೊಳಗೆ ಮನುಷ್ಯರಿರುವುದಿಲ್ಲವಲ್ಲ, ಅದಕ್ಕಾಗಿ ಅಂಥ ಚುಕ್ಕೆಯನ್ನು ಹತ್ತಿರದ ಕೋಣೆಗೆ ಎಳೆದು ಕೂರಿಸುವ ನಿಯಮವೊಂದಿತ್ತು. ಇಳಿಜಾರು ದಾರಿಯ ಗೋಡೆಯಾಚೆಗೆ ಇದ್ದದ್ದು ಕ್ಯಾಂಟೀನು. ಹೆಜ್ಜೆ ಎಣಿಕೆಗೆ ಸಿಗದಿದ್ದರೆ 'ಕುಳಿತಿದ್ದಾರೆ' ಎಂದು ಬರೆಯುವ ನಿಯಮ ಇನ್ನೊಂದು. ಎರಡನ್ನೂ ಬರೆದವಳು ಅವಳೇ.

"ಅಕ್ಕ, ತಪ್ಪು ನಂದು," ಎಂದಳು. "ನಿಮ್ಮನ್ನ ಕ್ಯಾಂಟೀನಲ್ಲಿ ಕೂರಿಸಿದ್ದು ನಾನೇ."

ಗಾಡಿಯಕ್ಕ ಪೂರ್ತಿ ಕೇಳಿದಳು. ಮುಖ ಸಡಿಲಾಗಲಿಲ್ಲ. "ಅವತ್ತೇ ಕೇಳಿದ್ನಲ್ಲ ನಿನ್ನ. ಎಲ್ರಿಗೂ ಒಂದೇ ನಿಯಮ ಅಂದೆ. ಇಲ್ಲಿ ಬಂದು ಅತ್ರೆ ಏನು ಬಂತು? ನಾಳೆ ಅವ್ರ ಮುಂದೆ ಹೇಳು. ನೀರು ಕುಡಿ ಮೊದಲು."

ಶುಕ್ರವಾರ ಹತ್ತು ಗಂಟೆಗೆ ಆಡಳಿತಾಧಿಕಾರಿ, ಮೂಳೆ ಡಾಕ್ಟರು, ದೊಡ್ಡ ಸಿಸ್ಟರ್, ಚಾಲಕನ ಅಣ್ಣ ಎಲ್ಲರೂ ಸೇರಿದರು. ಇಂಜಿನಿಯರ್ ಮಾತಾಡಲು ಹೋಗಲಿಲ್ಲ. ಎಲ್ಲರನ್ನೂ ಇಳಿಜಾರಿನ ಬಾಗಿಲಿಗೆ ಕರೆತಂದಳು. ಅಲ್ಲಿ ಸ್ಟ್ರೆಚರ್ ಇತ್ತು, ನೀರಿನ ಲೋಟ ಇತ್ತು. ಗಾಡಿಯಕ್ಕನ ಕಾಲಿಗೆ ಅವಳದೇ ಪಟ್ಟಿ ಕಟ್ಟಿ, ತೆರೆದ ಲ್ಯಾಪ್‌ಟಾಪನ್ನು ದೊಡ್ಡ ಸಿಸ್ಟರ್ ಕೈಗೆ ಕೊಟ್ಟಳು.

"ನಾನೇನು ಸರ್ಕಸ್ಸಿನೋಳಾ?" ಗಾಡಿಯಕ್ಕ ಸಿಡಿದಳು. "ಹತ್ತೊಂಬತ್ತು ವರ್ಷ ದುಡಿದು ಈಗ ಆಟ ತೋರಿಸಬೇಕಾ ಇವ್ರಿಗೆ?"

"ಒಂದೇ ಸಲ ಅಕ್ಕ."

ಗಾಡಿಯಕ್ಕ ಚಾಲಕನ ಅಣ್ಣನ ಕಡೆ ತಿರುಗಿದಳು. "ನೀನೇ ಮಲ್ಕೊಳಪ್ಪ. ನಿನ್ನ ತಮ್ಮನ್ನ ಹೆಂಗೆ ಒಯ್ದೆ ಅಂತ ನಿಂಗೇ ಗೊತ್ತಾಗಲಿ."

ಅವನು ಹಿಂದೆ ಮುಂದೆ ನೋಡಿ, ಚಪ್ಪಲಿ ಬಿಟ್ಟು ಮಲಗಿದ. ಅವನ ಎದೆಯ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಲೋಟ. ಗಾಡಿಯಕ್ಕ ಹಿಡಿಕೆ ಹಿಡಿದಳು. ಸ್ಟ್ರೆಚರ್ ಏರಿನಲ್ಲಿ ಹರಿಯಿತು. ಲೋಹದ ಪಟ್ಟಿ ಬಂದಾಗ ಮೈಭಾರವನ್ನು ಹಿಡಿಕೆಗೆ ಕೊಟ್ಟು ಮುಂದಿನ ಗಾಲಿಗಳನ್ನು ಕೂದಲೆಳೆಯಷ್ಟು ಎತ್ತಿದಳು. ಪಟ್ಟಿ ಹಿಂದೆ ಉಳಿಯಿತು.

ಮೇಲೆ ಚಾವಣಿಯನ್ನೇ ನೋಡುತ್ತ ಮಲಗಿದ್ದವನು ಕೇಳಿದ: "ಇನ್ನೂ ಯಾಕೆ ಹೊರಟಿಲ್ಲ?"

"ಅರ್ಧ ದಾರಿ ಬಂದಾಯ್ತಪ್ಪ," ಎಂದಳು ದೊಡ್ಡ ಸಿಸ್ಟರ್. ಅವಳ ಕಣ್ಣು ಪರದೆಯ ಮೇಲಿತ್ತು. ಹಸಿರು ಚುಕ್ಕೆ ಬಲಕ್ಕೆ ವಾಲಿ, ಗೋಡೆಗೆ ಮೂಗು ತಾಗಿಸಿ, ಎಲ್ಲರೂ ನೋಡುತ್ತಿದ್ದಂತೆ ಟಣ್ಣನೆ ಕ್ಯಾಂಟೀನಿನೊಳಗೆ ಹಾರಿ ಕೂತಿತು. ಕುಳಿತಿದ್ದಾರೆ. ಗಾಡಿಯಕ್ಕ ಅವರ ಕಣ್ಣೆದುರೇ ಬೆವರುತ್ತ ಏರು ಹತ್ತುತ್ತಿದ್ದಳು.

"ಚಹಾಕ್ಕೆ ಸಕ್ಕರೆ ಎಷ್ಟು ಹಾಕ್ಸಲಿ ಸಾರ್?" ತಿರುಗಿಯೂ ನೋಡದೆ ಕೇಳಿದಳು.

ಸ್ಟ್ರೆಚರ್ ನಿಂತಿತು. ಚಾಲಕನ ಅಣ್ಣ ಎದ್ದು ಕೂತು, ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೀರು ಕುಡಿದುಬಿಟ್ಟ. ಮೂಳೆ ಡಾಕ್ಟರು ಹೇಳಿದರು: "ಆ ಕುತ್ತಿಗೆ ದಾರೀಲಿ ಒಂದು ಸಲ ಕುಲುಕಿದ್ದರೂ ಇವತ್ತು ನಿಮ್ಮ ತಮ್ಮ ಇರ್ತಿರಲಿಲ್ಲ. ನಿನ್ನೆ ಸಂಜೆಯಿಂದ ಬೆರಳು ಆಡಿಸ್ತಿದಾನೆ."

ಆಮೇಲೆ ಇಂಜಿನಿಯರ್ ಮಾತಾಡಿದಳು. ಕಾಗದದಲ್ಲಿ ಬರೆದು ತಂದದ್ದನ್ನು ಬಿಟ್ಟು ಬಾಯಿಗೆ ಬಂದದ್ದನ್ನೇ ಹೇಳಿದಳು. ನಿಯಮ ಬರೆದದ್ದು ನಾನು, ಖಾಲಿ ಕೈಯಲ್ಲಿ ಅಳೆದದ್ದು ನಾನು. ಅಕ್ಕ ಈ ಏರು ಹತ್ತಿದ್ದು ಲಿಫ್ಟು ಸಿಗದ್ದಕ್ಕೆ. ಲಿಫ್ಟು ಸಿಗದ್ದು ನಮಗಾಗಿ ತಡೆದಿದ್ದಕ್ಕೆ. ಇಪ್ಪತ್ತಾರು ನಿಮಿಷ ಎಲ್ಲಿ ಹೋಯಿತು ಎಂದು ಕೇಳುವುದಾದರೆ ನಮ್ಮನ್ನು ಕೇಳಿ, ನಾವು ಲಿಫ್ಟಿನಲ್ಲಿದ್ದೆವು.

ಆಡಳಿತಾಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಸರಿ. ಇವರ ಮೇಲೆ ದೋಷ ಇಲ್ಲ ಅಂತ ಬರೀತೀನಿ. ಆದ್ರೆ ಮುಂದೆ ಇಂಥ ಗೊಂದಲ ಆಗಬಾರದು. ಇವರೂ ಎಲ್ರ ಹಾಗೆ ಹೆಜ್ಜೆ ಎತ್ತಿ ಇಟ್ಟು ನಡೀಲಿ. ಯಂತ್ರಕ್ಕೆ ಸಿಗೋ ಹಾಗೆ."



"ಯಂತ್ರಕ್ಕೆ ಸಿಗೋ ಹಾಗೆ?" ಗಾಡಿಯಕ್ಕನ ದನಿ ಮೊದಲ ಸಲ ತಗ್ಗಿತ್ತು. ತಗ್ಗಿದ್ದರಿಂದಲೇ ದೊಡ್ಡ ಸಿಸ್ಟರ್ ಒಂದು ಹೆಜ್ಜೆ ಹಿಂದೆ ಸರಿದಳು. "ನನ್ನ ಗಂಡ ಐದು ಪಟ್ಟಿಗೆ ಐದು ಸಲ ಕೂಗಿದ ಸಾರ್. ಆ ಕೂಗು ನಿಮ್ಮ ಪರದೇಲಿ ಕಾಣಲ್ಲ. ನಿಮಗೆ ಚುಕ್ಕೆ ನೆಟ್ಟಗಿರಬೇಕು, ಮಲಗಿರೋನು ಏನಾದ್ರೂ ಆಗಲಿ, ಅಲ್ವಾ? ನಿಮ್ಮ ಯಂತ್ರಕ್ಕೆ ನಡೆಯೋದು ಕಲಿಸಿ. ಈ ವಯಸ್ಸಲ್ಲಿ ನಾನು ಕಲಿಯಲ್ಲ."

ಕಾಲಿನ ಪಟ್ಟಿ ಬಿಚ್ಚಿ ಅವರ ಕೈಗಿಟ್ಟು ಹೊರಟಳು. ಹೋಗುವಾಗ ಧಬಧಬ ಹೆಜ್ಜೆ ಹಾಕುತ್ತ ಹೋದಳು. ಮುಂದೆ ಸ್ಟ್ರೆಚರ್ ಇರಲಿಲ್ಲವಲ್ಲ.

ಮುಂದಿನ ವಾರ ನೋಟಿಸು ಬೋರ್ಡಿನಲ್ಲಿ ಎರಡು ಸಾಲು ಅಂಟಿಸಿದರು. ಅವಳ ಮೇಲೆ ದೋಷವಿಲ್ಲ ಎಂಬುದು ಮೊದಲ ಸಾಲು. ಅವಳನ್ನು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ವರ್ಗ ಮಾಡಿದೆ ಎಂಬುದು ಎರಡನೆಯದು. ಇಂಜಿನಿಯರ್ ಮೂರು ಪುಟ ಬರೆದು ಕೊಟ್ಟಳು. ಪ್ರತಿಯೊಬ್ಬರನ್ನೂ ಅವರವರ ಗಾಡಿ, ಬಕೆಟ್ಟು, ಕಸಬರಿಗೆ ಹಿಡಿಸಿಯೇ ಮತ್ತೆ ಅಳೆಯಬೇಕು. ಅನುಮಾನವಿದ್ದಾಗ ಚುಕ್ಕೆಯನ್ನು ಯಾವ ಕೋಣೆಗೂ ಎಳೆಯದೆ 'ಗೊತ್ತಿಲ್ಲ' ಎಂದು ತೋರಿಸಬೇಕು. ಆಡಳಿತಾಧಿಕಾರಿ ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದನ್ನು ಓದಿ, "ಗೊತ್ತಿಲ್ಲ ಅನ್ನೋಕೆ ಯಂತ್ರ ಯಾಕ್ರೀ ಬೇಕು?" ಎಂದು ಕಾಗದ ತಿರುಗಿಸಿ ಕೊಟ್ಟರು. ಆ ಮಾತು ನೆನೆಸಿಕೊಂಡರೆ ಅವಳಿಗೆ ಇವತ್ತಿಗೂ ಹಲ್ಲು ಕಡಿಯುವಂತಾಗುತ್ತದೆ. ಹಳದಿ ಟೇಪನ್ನು ಕಿತ್ತು ಹೊಸದಾಗಿ ಅಂಟಿಸಿದಳು. ಈ ಸಲ ಸಾಲಿನ ನಡುವೆ ಒಂದು ಲೋಹದ ಪಟ್ಟಿಯನ್ನೂ ಅಡ್ಡ ಹಾಕಿಸಿದಳು. ಅಳತೆಗೆ ಬಂದವರ ಶೂವಿನ ಅಡಿಯನ್ನು ಮೊದಲು ನೋಡಿ ಬರೆದುಕೊಳ್ಳುತ್ತಾಳೆ.

ಗಾಡಿಯಕ್ಕ ಈಗ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆಯ ಗಾಡಿ ತಳ್ಳುತ್ತಾಳೆ. ಕೊಳೆ ಬಟ್ಟೆಗೆ ನೋವಿಲ್ಲವಾದ್ದರಿಂದ ಧಬಧಬ ನಡೆಯುತ್ತಾಳೆ. ಪರದೆಯ ಮೇಲೆ ಅವಳ ಚುಕ್ಕೆಯಷ್ಟು ನೆಟ್ಟಗೆ ನಡೆಯುವ ಚುಕ್ಕೆ ಇನ್ನೊಂದಿಲ್ಲ. ಬೆನ್ನು ಅಥವಾ ಕುತ್ತಿಗೆ ಮುರಿದವರು ಬಂದರೆ ಮೂಳೆ ಡಾಕ್ಟರು ಕೆಳಗೆ ಫೋನ್ ಮಾಡುತ್ತಾರೆ. ಅವಳು ಕಾಲಿನ ಪಟ್ಟಿ ಬಿಚ್ಚಿ, ಬಟ್ಟೆ ನೇತುಹಾಕುವ ಗೂಟಕ್ಕೆ ಸಿಕ್ಕಿಸಿ, ಮೇಲೆ ಬಂದು ಸ್ಟ್ರೆಚರಿನ ಹಿಡಿಕೆ ಹಿಡಿಯುತ್ತಾಳೆ.